ಸ್ವಿಚ್ ಆರಿಸಿದ ಮೇಲೂ

೧೪ ಮಾರ್ಚ್ ೧೯೮೩, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದ ಈ ಸೋಮಾರಿ ಅಕ್ಕನನ್ನು ಕ್ಷಮಿಸು. ನಿನ್ನೆ ನಾನು ಕಳಿಸಿದ "ಕಂಪ್ಯೂಟರ್ ಪ್ಲಗ್ ಕೀಳು" ಎಂಬ ತಂತಿ ನೋಡಿ ನಿನ್ನ ಗಂಡ, "ನಿಮ್ಮಕ್ಕನಿಗೆ ತಲೆ ಕೆಟ್ಟಿದೆ" ಅಂದಿರುತ್ತಾರೆ. ಅನ್ನಲಿ. ಕಿತ್ತಿದ್ದೀಯ ತಾನೇ?

ನಾನು ಮಾಡಿದ ಯಂತ್ರಕ್ಕೆ ನಾನೇ ಹೆದರುತ್ತಿದ್ದೇನೆ. ಕಳೆದ ವಾರ ಒಬ್ಬ ಸಂಗೀತದ ಮೇಷ್ಟ್ರ ಮನೆಯಲ್ಲಿ ಅದು ಹೊತ್ತಿಕೊಂಡಿತು. ಬೆಂಕಿ ಆರಿಸಲು ಹೋಗಿ ಅವರ ಬಲಗೈ ಬೆಂದಿದೆ. ಆಸ್ಪತ್ರೆಗೆ ಹೋಗಿದ್ದೆ. "ಸ್ವಿಚ್ ಆಫ್ ಮಾಡೇ ಊಟಕ್ಕೆ ಕೂತಿದ್ದೆ ಕಣಮ್ಮಾ, ಆಣೆ ಮಾಡಿ ಹೇಳ್ತೀನಿ" ಅಂದರು. ಅವರು ಆಣೆ ಮಾಡಬೇಕಾಗಿರಲಿಲ್ಲ.

ಮೊದಲನೆಯದನ್ನು ನಿನ್ನ ಹೊಲಿಗೆ ಮೇಜಿನ ಮೇಲೆ ಜೋಡಿಸಿದೆವಲ್ಲ, ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬ ಕಪಾಟುಗಳು. ಅದನ್ನು ಮನೆಮನೆಗೆ ತರುತ್ತೇನೆಂದಾಗ ಎಲ್ಲರೂ ನಕ್ಕರು. ನೀನು ಮಾತ್ರ ಬಟ್ಟೆ ಸರಿಸಿ ಜಾಗ ಕೊಟ್ಟೆ. ದೂಳು ಕೂರದಿರಲೆಂದು ಕಸೂತಿಯ ಹೊದಿಕೆಯನ್ನೂ ಹೊಲಿದೆ. ನನ್ನ ಪಾಲುದಾರ, ನಮ್ಮ ಮಾತಿನ ಮಲ್ಲ, ಅದರ ಚಿತ್ರವನ್ನೇ ಜಾಹೀರಾತಿಗೆ ಹಾಕಿಸಿದ. ಈಗ ಆರು ಸಾವಿರ ಮನೆಗಳಲ್ಲಿ ನಮ್ಮ ಯಂತ್ರ, ಅದರ ಮೇಲೊಂದು ಹೊದಿಕೆ.

ತಪ್ಪು ನನ್ನದು, ಪುಟ್ಟಿ. ಪೆಟ್ಟಿಗೆ ಚಿಕ್ಕದಾಗಲೆಂದು, ಟ್ರಾನ್ಸ್‌ಫಾರ್ಮರಿಗಿಂತ ಮೊದಲು ಇರಬೇಕಾದ ಸ್ವಿಚ್ಚನ್ನು ಅದರ ನಂತರ ಇಟ್ಟೆ. ಸ್ವಿಚ್ ಒತ್ತಿದರೆ ದೀಪವೇನೋ ಆರುತ್ತದೆ. ಪ್ಲಗ್ ಗೋಡೆಯಲ್ಲಿರುವಷ್ಟು ಹೊತ್ತೂ ಒಳಗೆ ಕರೆಂಟು ಹರಿಯುತ್ತದೆ, ಬಿಸಿ ಏರುತ್ತದೆ. ನಿನ್ನೆ ನಮ್ಮ ಪರೀಕ್ಷಾ ಕೋಣೆಯಲ್ಲಿ ಹೊದಿಕೆಯಿಲ್ಲದೆ, ಆರಿಸಿ ಇಟ್ಟದ್ದೂ ಹೊಗೆಯಾಡಿತು. ಅಂಚೆ ಕಚೇರಿಗೆ ಓಡಿಹೋಗಿ ನಿನಗೆ ತಂತಿ ಕೊಟ್ಟೆ.

ಮಾತಿನ ಮಲ್ಲ ಹೇಳಿದ: "ಬಟ್ಟೆ ಮುಚ್ಚಿದ್ದೇ ತಪ್ಪು ಅಂತ ಬರ್ಕೊಡು. ಜನ ತೆಗೀತಾರೆ, ಅಲ್ಲಿಗೆ ಮುಗೀತು."

"ತೆಗೆದ್ರೂ ಉರಿಯತ್ತೆ ಕಣೋ."

"ಹಾಗಾದ್ರೆ ಕಂಪನಿ ಬಾಗಿಲು ಹಾಕೋಣ. ಕೆಲಸದವರು ನಲವತ್ತು ಜನ ಇದ್ದಾರಲ್ಲ, ಅವರಿಗೆ ನೀನೇ ಹೇಳು."

ಟೆಲಿಫೋನು ಬಡಿದುಕೊಂಡರೆ ಸಾಕು, ಇನ್ನು ಯಾರ ಮನೆಯೋ ಎಂದುಕೊಳ್ಳುತ್ತೇನೆ. ನಾಳೆ ಪತ್ರಿಕೆಯವರು ಬರುತ್ತಾರೆ. ಅಕ್ಕನಿಗೆ ನಿಜ ಹೇಳುವ ಧೈರ್ಯ ಬರಲಿ ಎಂದು ಹಾರೈಸು.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ನೂರು ಕಾಲ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ನಿನಗೂ ಸುಳ್ಳು ಬರೆದೆ. ಪತ್ರಿಕೆಯವರು ಇಂದು ಬೆಳಗ್ಗೆಯೇ ಬಂದು ಹೋದರು. ಹೊದಿಕೆಯೇ ಕಾರಣ, ಅದನ್ನು ತೆಗೆದು ಸ್ವಿಚ್ ಆರಿಸಿದರೆ ಯಾವ ಭಯವೂ ಇಲ್ಲ ಎಂಬ ಹೇಳಿಕೆಗೆ ಸಹಿ ಹಾಕಿದೆ. ನಾಳೆಯ ಪತ್ರಿಕೆಯಲ್ಲಿ ನಿನ್ನ ಕಸೂತಿಯ ಚಿತ್ರವಿರುತ್ತದೆ. ಆರು ಸಾವಿರ ಮನೆಗಳಲ್ಲಿ ಪ್ಲಗ್ ಕೀಳು ಎಂದು ನಾನು ಹೇಳಿದ್ದು ನಿನ್ನೊಬ್ಬಳಿಗೇ.