ನರಿಯಕ್ಕನ ನಗು

ಗುರುವಾರ, ತಾ. ೧೪

ನನ್ನ ನರಿಯಕ್ಕನಿಗೆ ನಿನ್ನ ಇಲಿಮರಿಯ ನಮಸ್ಕಾರ.

ಆಪರೇಷನ್ ಆದ ಗಂಟಲಿನ ಗಾಯ ಒಣಗಿತೇ? ಕುತ್ತಿಗೆಗೆ ಸುತ್ತಿಕೊಂಡ ಬಟ್ಟೆ ಉಜ್ಜುತ್ತದೆ ಎಂದು ನೀನು ಬರೆದಿದ್ದೆ. ಹಳೆಯ ಮೆತ್ತನೆಯ ಸೀರೆಯ ತುಂಡು ಕಟ್ಟಿಕೋ, ಹೊಸ ಬಟ್ಟೆ ಬೇಡ. ಬಿಸಿ ನೀರು ಕುಡಿಯುತ್ತಿದ್ದೀಯಾ? ತೀರಾ ಬಿಸಿ ಕುಡಿಯಬೇಡ, ಆರಿಸಿ ಕುಡಿ. ತಣ್ಣಗೂ ಆಗಬಾರದು.

ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ದಿನಾ ಎಣಿಸಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಒಂದು ಒತ್ತು ಬಿಟ್ಟರೂ ಅರ್ಥ ಎಲ್ಲಿಗೆ ಹೋಗುತ್ತದೋ ಎಂಬ ಭಯ. ಫೋನು ಮಾಡೋಣವೆಂದರೆ ಹೋದ ಸಲದ್ದೇ ಸಾಕು ಅನ್ನಿಸಿತು. ನಾನೊಬ್ಬಳೇ ಬಡಬಡಿಸಿದೆ. ನೀನು ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ಫೋನಿನ ಮೇಲೆ ಬೆರಳಿಂದ ತಟ್ಟಿದೆ. ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು.

ನೀನು ಕೇಳಿದ್ದು ಒಂದೇ ಮಾತು, ‘ನನ್ನ ನರಿ ಯಾರ ಬಾಯಿಗೆ ಬೀಳುತ್ತೆ?’ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಡಬ್ಬಿಂಗ್ ಕೋಣೆಯ ಗಲೀಜು ಸ್ವಲ್ಪ ಕೇಳು. ನನಗೆ ಯಾರ ಹತ್ತಿರವೂ ಹೇಳಿಕೊಳ್ಳಲು ಆಗುತ್ತಿಲ್ಲ.

ನೀನು ಹೋದ ಮೇಲೆ ಬಂದ ಡೈರೆಕ್ಟರು ಬೇಯಿಸಿದ ಮೊಟ್ಟೆ ಡಬ್ಬಿಯಲ್ಲಿ ತರುತ್ತಾನೆ. ಗಾಜಿನ ಆಚೆ ಕೂತು ಒಂದೊಂದೇ ಸುಲಿದು ತಿನ್ನುತ್ತಾನೆ. ಗುಂಡಿ ಒತ್ತಿ ನಮ್ಮ ಜೊತೆ ಮಾತಾಡುವಾಗ ಜಗಿಯುವ ಸದ್ದು ಸೀದಾ ನಮ್ಮ ಕಿವಿಯೊಳಗೆ. ‘ಇನ್ನೊಂದ್ಸಲ’, ಚಪ್ ಚಪ್, ‘ಸ್ವಲ್ಪ ಜೋರಾಗಿ’, ಚಪ್ ಚಪ್. ಕೈಯನ್ನು ಪರದೆಗೆ ಒರೆಸುತ್ತಾನೆ. ಕಿಟಕಿಯೇ ಇಲ್ಲದ ಕೋಣೆ, ಆ ವಾಸನೆ ಎಲ್ಲಿಗೆ ಹೋಗಬೇಕು? ಬೆಳಗ್ಗೆ ಬಾಗಿಲು ತೆರೆದ ಕೂಡಲೇ ನನಗೆ ಹೊಟ್ಟೆ ತೊಳಸುತ್ತದೆ. ಮೊದಲೆಲ್ಲ ಅವರವರ ಹೆಡ್‌ಫೋನು ಅವರವರ ಮೊಳೆಗೆ ನೇತಾಡುತ್ತಿತ್ತು, ಅಲ್ಲವೇ? ಈಗ ಎಲ್ಲರಿಗೂ ಎರಡೇ. ಅದರ ಸ್ಪಂಜು ಯಾರದೋ ತಲೆಯೆಣ್ಣೆಗೆ, ಯಾರದೋ ಬೆವರಿಗೆ ಒದ್ದೆಯಾಗಿ ಕಪ್ಪೆಯ ಹೊಟ್ಟೆಯ ಹಾಗೆ ಕಿವಿಗೆ ಅಂಟುತ್ತದೆ. ಥೂ. ನಿನ್ನ ಮೊಳೆಗೆ ಅವನ ರೇನ್‌ಕೋಟು ನೇತುಹಾಕಿದ್ದಾನೆ. ಅದರಿಂದ ನೀರು ತೊಟ್ಟಿಕ್ಕಿ ನೀನು ನಿಲ್ಲುತ್ತಿದ್ದ ಜಾಗದಲ್ಲಿ ಮರದ ಹಲಗೆ ಉಬ್ಬಿದೆ.

ಕಥೆಯನ್ನಾದರೂ ಬಿಟ್ಟರೇ? ಹನ್ನೊಂದು ವರ್ಷ ನಮ್ಮದು ಅದೇ ದೋಣಿ. ನಕ್ಷೆ ಹಿಡಿದ ನರಿ, ಅವಳ ಕೋಟಿನ ಜೇಬಿನಲ್ಲಿ ನಡುಗುತ್ತ ಕೂತ ಇಲಿ, ಚುಕ್ಕಾಣಿ ಹಿಡಿದ ಕರಡಿ, ತೂಕಡಿಸುವ ಆಮೆ. ಎಲ್ಲಿಯದೋ ಭಾಷೆಯಲ್ಲಿ ಬಾಯಾಡಿಸುವ ಬೊಂಬೆಗಳಿಗೆ ನಮ್ಮ ಮಾತು ತೊಡಿಸಿ, ಸಿಗದ ದ್ವೀಪವನ್ನು ಹುಡುಕಿಸುತ್ತಿದ್ದೆವು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು. ಈಗ ಕರಡಿಯಣ್ಣನನ್ನು ಕರೆದು ಈ ಮನುಷ್ಯ ಹೇಳಿದ್ದು ಕೇಳು.

‘ಅಣ್ಣಾ, ಇನ್ಮೇಲೆ ಕರಡಿ ಹೂಸು ಬಿಡುತ್ತೆ. ಮಕ್ಕಳಿಗೆ ಅದೇ ಇಷ್ಟ.’

‘ಯಾವಾಗ ಬಿಡಬೇಕು?’

‘ಹೆದರಿದಾಗ, ಖುಷಿಯಾದಾಗ, ಮತ್ತೆ ಕಥೆ ಮುಗಿಯೋವಾಗ.’

‘ಸತ್ತಾಗ?’ ಎಂದ ಕರಡಿಯಣ್ಣ. ಯಾರೂ ನಗಲಿಲ್ಲ.

ಬಿರುಗಾಳಿಯೆದುರು ನಿಂತು ‘ಯಾರಲ್ಲಿ!’ ಎಂದು ಗುಡುಗುತ್ತಿದ್ದ ಮನುಷ್ಯ ಮೈಕಿನ ಮುಂದೆ ತೋಳಿಗೆ ಬಾಯಿಟ್ಟು ಆ ಸದ್ದು ಮಾಡಿದ. ಆರು ಸಲ ಮಾಡಿಸಿದರು. ‘ಇನ್ನೂ ಸ್ವಲ್ಪ ಒದ್ದೆಯಾಗಿ ಬರಲಿ ಅಣ್ಣಾ’ ಅಂತೆ! ಹೊರಗೆ ಬಂದವನು ತೋಳಿನ ಎಂಜಲು ಒರೆಸಿಕೊಳ್ಳುತ್ತ, ‘ಇಲೀ, ನಮ್ಮನೇಲಿ ಹೇಳಬೇಡ ಕಣಮ್ಮ’ ಎಂದ. ಅರವತ್ತೆರಡು ವರ್ಷದವನು. ನಾನು ಮುಖ ತಿರುಗಿಸಿಕೊಂಡೆ.

ಸರಿ, ನರಿಯ ವಿಷಯ.

ನಮ್ಮಲ್ಲಿ ಇನ್ನೊಬ್ಬರ ಪ್ರಾಣಿಯ ಮಾತನ್ನು ತಮಾಷೆಗೂ ಆಡುವುದಿಲ್ಲ. ಬಿಟ್ಟುಹೋಗುವವರೇ ಬಂದು, ಹೊಸಬರ ಪಕ್ಕದಲ್ಲಿ ಒಂದು ವಾರ ಕೂತು, ‘ತಗೋ, ಇನ್ನು ನಿಂದು’ ಅನ್ನಬೇಕು. ಆಮೆತಾತ ಹಾಗೆಯೇ ಮಾಡಿದ್ದ. ‘ನನಗೆ ಮಾತು ಬರದಿದ್ದರೇನು, ಬಂದು ಕೂತು ಬೆನ್ನು ತಟ್ಟಿ ಕೊಡುತ್ತೇನೆ’ ಎಂದು ನೀನು ಬರೆದಿದ್ದನ್ನು ಡೈರೆಕ್ಟರಿಗೆ ಓದಿ ಹೇಳಿದೆ. ತಡವರಿಸಿಕೊಂಡು ಓದಿದೆ. ಅವನು, ‘ಅದೆಲ್ಲ ಯಾಕ್ರೀ? ನರಿ ಏನು ಅವರ ತವರುಮನೆ ಒಡವೆನಾ?’ ಎಂದು ಮೊಟ್ಟೆಗೆ ಉಪ್ಪು ಹಾಕಿಕೊಂಡ.

ಹೋದ ತಿಂಗಳ ಕೊನೆಯ ಸೋಮವಾರ ಧ್ವನಿಪರೀಕ್ಷೆ ಇಟ್ಟ. ಏಳು ಜನ ಬಂದರು. ಒಬ್ಬಳ ನರಿ ಬೆಕ್ಕಿನ ಹಾಗೆ, ಇನ್ನೊಬ್ಬಳದು ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ. ಕೊನೆಗೆ ಬಂದವಳು ಇಪ್ಪತ್ತೂ ತುಂಬದ ಹುಡುಗಿ. ಇಲಿಯ ಉತ್ತರ ಹೇಳಲು ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಕೊಟ್ಟಿದ್ದು ನಮ್ಮ ಮೊಟ್ಟಮೊದಲ ಕಂತಿನ ಮಾತು: ‘ಜೇಬೊಳಗೆ ಕತ್ತಲೆ ಅಂತ ಅಳಬೇಡ. ಹೊರಗೂ ಕತ್ತಲೇನೇ. ಇಲ್ಲಿ ಬೆಚ್ಚಗಾದ್ರೂ ಇರುತ್ತೆ.’ ಆಮೇಲೆ ನಿನ್ನ ಆ ನಗು, ಮಧ್ಯದಲ್ಲಿ ಬಿಕ್ಕಳಿಕೆ ಬಂದಂತೆ ಮುರಿದು ಮತ್ತೆ ಏಳುವುದು.

ಹುಡುಗಿಯ ಬಾಯಿ ಕಟ್ಟಿಹೋಯಿತು. ಪಾಪ ಅನ್ನಿಸಿತು. ನನಗೆ ಓದಲು ನಿಧಾನವೆಂದು ಹನ್ನೊಂದು ವರ್ಷ ನೀನು ಪ್ರತಿ ಸಾಲನ್ನೂ ನನ್ನ ಕಿವಿಯಲ್ಲಿ ಹೇಳಿಕೊಟ್ಟೆಯಲ್ಲ, ಹಾಗೆಯೇ ನಾನೂ ಅವಳ ಕಿವಿಯ ಹತ್ತಿರ ಬಗ್ಗಿ ಆ ಸಾಲು ಹೇಳಿಕೊಟ್ಟೆ. ಯೋಚಿಸಿ ಮಾಡಿದ್ದಲ್ಲ ಅಕ್ಕಾ, ನಮ್ಮ ಅಪ್ಪನಾಣೆಗೂ ಅಲ್ಲ. ಆ ಸಾಲು ನನ್ನೊಳಗೆ ಇದ್ದದ್ದೇ ನಿನ್ನ ದನಿಯಲ್ಲಿ. ಹಾಗೆಯೇ ಹೊರಗೆ ಬಂತು.

ಮೈಕು ತೆರೆದೇ ಇತ್ತು.

ಗಾಜಿನ ಆಚೆ ಎಲ್ಲರೂ ಎದ್ದು ನಿಂತರು. ಕರಡಿಯಣ್ಣ ಹೊರಗಿನಿಂದ ಓಡಿ ಬಂದು, ‘ಬಂದ್ಲಾ? ನರಿ ಬಂದ್ಲಾ?’ ಎಂದು ಕೋಣೆಯಲ್ಲೆಲ್ಲ ಹುಡುಕಿದ. ನನ್ನನ್ನು ನೋಡಿದ ಮೇಲೆ ಅವನ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಡೈರೆಕ್ಟರು ಅದನ್ನು ಮೂರು ಸಲ ಹಾಕಿ ಕೇಳಿದ. ಆಮೇಲೆ ನನ್ನನ್ನು ಒಳಗೆ ಕರೆದ.

‘ಇದು ನೀವು ಮಾಡ್ತೀರಿ ಅಂತ ಮೊದಲೇ ಹೇಳೋದಲ್ವೇನ್ರೀ?’

‘ಅದು ನಂದಲ್ಲ ಸಾರ್, ಅಕ್ಕಂದು.’

‘ಅಕ್ಕನಿಗೆ ಈಗ ಅದರಿಂದ ಏನುಪಯೋಗ?’

ಹೀಗೆ ಕೇಳಿದ, ನಗುನಗುತ್ತ, ಹಲ್ಲಿನ ಸಂದಿಯಲ್ಲಿ ಹಳದಿ. ಆಮೇಲೆ ಒಂದು ಹಾಳೆ ತೋರಿಸಿದ. ಹೊಸ ಸರಣಿಯ ನಾಲ್ಕನೆಯ ಕಂತಿನಲ್ಲಿ ಇಲಿ ಬೇರೆ ಹಡಗು ಹತ್ತಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಾನು ಬೆರಳಿಟ್ಟು ಎರಡು ಸಲ ಓದಿದೆ, ತಪ್ಪು ಓದಿದೆನೋ ಎಂದು. ‘ಇಲಿ ಹೋಗುತ್ತೆ, ನೀವು ಬೇಕಾದ್ರೆ ಇರಬಹುದು’ ಎಂದ. ಅಕ್ಕಾ, ನನಗೆ ಇಲಿ ಬಿಟ್ಟರೆ ಏನು ಬರುತ್ತದೆ? ಈ ವಯಸ್ಸಿಗೆ, ಈ ಓದಿಗೆ, ಯಾರು ಬಾಗಿಲು ತೆರೆಯುತ್ತಾರೆ? ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಆ ಹುಡುಗಿ ಕೂತಿದ್ದಳು. ‘ಆಂಟಿ, ನೀವು ಹೇಳಿಕೊಟ್ರಲ್ಲ, ತುಂಬಾ ಚೆನ್ನಾಗಿತ್ತು’ ಎಂದಳು. ಅವಳನ್ನು ನೋಡಲೂ ನನಗೆ ಹೇಸಿಗೆಯಾಯಿತು. ತಪ್ಪು ಅವಳದಲ್ಲ ಎಂದು ಗೊತ್ತಿದ್ದೂ ಆಯಿತು.

ಇಲ್ಲಿಯ ಸುದ್ದಿ ಇಷ್ಟೇ. ನನ್ನ ಮಂಡಿನೋವು ಹಾಗೆಯೇ ಇದೆ. ತಮ್ಮನ ಮದುವೆ ಮತ್ತೆ ಮುಂದಕ್ಕೆ ಹೋಯಿತು, ಹುಡುಗಿಯ ಕಡೆಯವರಿಗೆ ಮನೆ ಚಿಕ್ಕದಾಯಿತಂತೆ. ನಿನ್ನ ಮೊಮ್ಮಗಳು ನಿನ್ನ ಕೊರಳಿಗೆ ಕಿವಿಯಿಟ್ಟು ‘ಅಜ್ಜೀ, ನರಿ ಒಳಗೆ ಮಲಗಿದೆಯಾ?’ ಎಂದು ಕೇಳುತ್ತಾಳೆಂದು ಬರೆದಿದ್ದೀಯಲ್ಲ, ಆ ಸಾಲನ್ನು ದಿನಾ ಒಮ್ಮೆ ಓದಿಕೊಳ್ಳುತ್ತೇನೆ. ನೀನು ‘ಹೌದು’ ಎಂದು ಒಂದು ಸಲ ತಟ್ಟುತ್ತೀಯಂತೆ. ಮಗುವಿಗೆ ದೃಷ್ಟಿ ತಾಗದಿರಲಿ, ನೂರು ವರ್ಷ ಬಾಳಲಿ. ನಿನ್ನ ಗಾಯ ಮಾಯಲಿ, ನುಂಗಿದ್ದು ಸುಖವಾಗಿ ಇಳಿಯಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ ಅಕ್ಕಾ, ಎಲ್ಲ ಓದಿದ ಮೇಲೂ.

ನಿನ್ನ ಜೇಬಿನಲ್ಲಿ ಬೆಳೆದ
ಇಲಿಮರಿ

ಮರೆತ ಮಾತು: ಮರೆತದ್ದಲ್ಲ, ಸುಳ್ಳು ಬರೆದೆ. ಯೋಚನೆ ಮಾಡುತ್ತೇನೆ ಎಂದದ್ದು ಸೋಮವಾರ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ನಿನ್ನ ಜಾಗದಲ್ಲಿ, ಆ ಉಬ್ಬಿದ ಹಲಗೆಯ ಮೇಲೆ ನಿಂತಿದ್ದೆ. ನಾಲ್ಕು ಕಂತು ಮುಗಿದಿವೆ. ಕಿವಿಗೆ ಹೇಳಿಕೊಡುವವರಿಲ್ಲ, ಹಾಳೆ ಮನೆಗೆ ತಂದು ಬೆರಳಿಟ್ಟು ಓದಿಕೊಳ್ಳುತ್ತೇನೆ. ಓದುವಾಗಲೂ ನೀನೇ ಹೇಳಿಕೊಟ್ಟ ಹಾಗೆ ಕೇಳಿಸುತ್ತದೆ. ನಾಲ್ಕನೆಯದರಲ್ಲಿ ನರಿ ಇಲಿಯನ್ನು ಜೇಬಿನಿಂದ ತೆಗೆದು ಹಡಗು ಹತ್ತಿಸುತ್ತದೆ. ಎರಡು ದನಿಯೂ ನನ್ನದೇ. ಕರಡಿಯಣ್ಣ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಟಿವಿಯಲ್ಲಿ ಶುರುವಾಗುತ್ತದೆ. ಕೈ ಮುಗಿಯುತ್ತೇನೆ, ಅವತ್ತು ಟಿವಿ ಹಾಕಬೇಡ. ಮಗು ಕೇಳಿಸಿಕೊಂಡರೆ ನರಿ ಎದ್ದಿತು ಎಂದು ನಿನ್ನ ಕೊರಳಿಗೆ ಕಿವಿಯಿಡಲು ಓಡಿ ಬರುತ್ತಾಳೆ. ಆಗ ನೀನು ಎಷ್ಟು ಸಲ ತಟ್ಟುತ್ತೀಯ?

ಇನ್ನೊಂದು. ನಗು ಮಾತ್ರ ಮಾಡಬಾರದು, ಅದಾದರೂ ನಿನಗೇ ಉಳಿಯಲಿ ಎಂದುಕೊಂಡಿದ್ದೆ. ಮಾಡಿದೆ. ಬಿಕ್ಕಳಿಕೆ ಸಮೇತ ಒಂದೇ ಸಲಕ್ಕೆ ಬಂತು. ಅವನು ಮೊಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ನನಗೆ ಖುಷಿಯಾಯಿತು ಅಕ್ಕಾ. ಮೈಯೆಲ್ಲ ಜುಮ್ಮೆನ್ನುವಷ್ಟು ಖುಷಿಯಾಯಿತು. ಅಂದಿನಿಂದ ಹೊಟ್ಟೆ ತೊಳಸುವುದು ನಿಂತಿಲ್ಲ. ಮೊಟ್ಟೆಯ ವಾಸನೆಗೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.