ಅಮೆರಿಕ ಸುತ್ತಿ ಬಂದ ಉತ್ತರ

ಸರಸ್ವತಿಪುರಂ, ಮೈಸೂರು
೧೨ ಡಿಸೆಂಬರ್ ೨೦೦೫

ಪ್ರೀತಿಯ ಚಲುವಾ,

ಹೇಗಿದ್ದೀಯ? ಬೀದರ್‌ನಲ್ಲಿ ಚಳಿ ಜೋರಂತೆ. ಮೊದಲು ಆ ಕಂದು ಸ್ವೆಟರ್ ಹಾಕಿಕೋ, ಆಮೇಲೆ ಈ ಕಾಗದ ಓದು. ಮಿತ್ರಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಮಗುವಿನ ನೆಗಡಿ ಬಿಟ್ಟಿತಾ? ಅಳಿಯಂದಿರು ಕಾಲೇಜಿನಲ್ಲಿ ಪಾಠ ಹೇಳಿ ಬಂದು ಮಗುವಿನ ಬಟ್ಟೆಯನ್ನೂ ಒಗೆಯುತ್ತಾರೆಂದು ಕೇಳಿ ಬಹಳ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಾನು ಒಂದು ದಿನವಾದರೂ ಒಗೆದವನಲ್ಲ. ಮಗಳಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದಾಗ, ಬಾಣಂತನ ಅಲ್ಲೇ ಮಾಡು ಹೋಗು ಎಂದು ನಿನ್ನನ್ನು ರೈಲು ಹತ್ತಿಸಿದವನು ನಾನೇ. ಹಾಗಾಗಿ ದೂರುವ ಹಕ್ಕು ನನಗಿಲ್ಲ. ಆದರೂ ಸ್ವಲ್ಪ ದೂರುತ್ತೇನೆ.

ಇಲ್ಲಿ ನಾನು ಕ್ಷೇಮ. ಉಪ್ಸಾರು ಮಾಡುವುದನ್ನು ಕಲಿತೆ. ಮುದ್ದೆ ಮಾತ್ರ ನನ್ನ ಮಾತು ಕೇಳುತ್ತಿಲ್ಲ, ಒಳಗೆಲ್ಲ ಬರೀ ಹಿಟ್ಟಿನ ಗಂಟು. ಪಕ್ಕದ ಮನೆ ನೀಲಮ್ಮ ನೋಡಿ, "ಇದ್ನ ಎಂಗಣ್ಣ ನುಂಗ್ತೀರಿ?" ಎಂದು ಗಾಬರಿಯಾದಳು. ಅವತ್ತಿನಿಂದ ಅವರ ಮನೆಯಿಂದಲೇ ಒಂದು ಮುದ್ದೆ ಬರುತ್ತದೆ. ನಿನ್ನ ದಾಸವಾಳದ ಗಿಡ ಹೂ ಬಿಟ್ಟಿದೆ.

ಇಷ್ಟನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೆಳಿಗ್ಗೆ ಮಾಡಿದರೂ ಮಧ್ಯಾಹ್ನ ಮಾಡಿದರೂ ಸಂಜೆ ಮಾಡಿದರೂ ಅಳಿಯಂದಿರು, "ಅತ್ತೆ ಸ್ನಾನಕ್ಕೆ ಹೋಗಿದ್ದಾರೆ ಮಾವ" ಎನ್ನುತ್ತಾರೆ. ಬೀದರ್‌ನಲ್ಲಿ ನೀರಿಗೆ ಇಷ್ಟೊಂದು ಅನುಕೂಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸಂಕ್ರಾಂತಿಗೆ ಬರಬೇಕಾದವಳು ಯುಗಾದಿವರೆಗೂ ಬರುವುದಿಲ್ಲ ಎಂದು ಬೇರೆ ಹೇಳಿ ಕಳಿಸಿದ್ದೀಯ. ನಿನಗೆ ಕೋಪ ಬಂದಿದೆ ಕಣೇ, ಗೊತ್ತು. ನನಗೂ ಬಂದಿತ್ತು. ಯಾಕೆಂದು ಕೇಳು.

ಅವತ್ತು ಆ ಹುಡುಗಿ ಹೇಮಶ್ರೀ ನಡೆಸುವ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಕಂಪ್ಯೂಟರಿನಲ್ಲಿ ನಿನ್ನ ಜೊತೆ ಮಾತಾಡಿದೆನಲ್ಲ. ಕಿವಿಗೆ ಆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಮಂಡಿನೋವು ಇನ್ನೂ ಅದಾ?" ಎಂದು ಕೇಳಿದೆ. ನಿನ್ನ ಕಡೆಯಿಂದ ಸದ್ದಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡೆ. ಆಚೀಚೆ ಯಾರೂ ಇರಲಿಲ್ಲ, ಧೈರ್ಯ ಮಾಡಿ, ಮದುವೆಯಾದಾಗಿನಿಂದ ಕೇಳದಿದ್ದ ಮಾತು ಕೇಳಿಯೇಬಿಟ್ಟೆ: "ನನ್ ಜ್ಞಾಪ್ಕ ಬತ್ತದಾ?" ತಕ್ಷಣ ನೀನು ಗಟ್ಟಿಯಾಗಿ ಹೇಳಿದೆ: "ಅಯ್ಯೋ ಇಲ್ಲ ಕಣ್ರೀ, ಒಂಚೂರೂ ಇಲ್ಲ. ಇಲ್ಲಿಗ್ ಬಂದ್ಮೇಲೆ ಪೂರಾ ವಾಸಿ ಆಗೋಯ್ತು!" ನನಗೆ ಹೇಗಾಗಿರಬೇಡ? "ಅಂಗಾದ್ರೆ ಅಲ್ಲೇ ಇದ್ಬುಡು" ಎಂದು ಹೇಳಿ, ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ಮನೆಗೆ ಬಂದೆ. ಆ ರಾತ್ರಿ ಉಪ್ಸಾರು ಕೂಡ ಸೇರಲಿಲ್ಲ.

ಮೊನ್ನೆ ಆ ಹೇಮಶ್ರೀ ದಾರಿಯಲ್ಲಿ ನಿಲ್ಲಿಸಿದಳು. "ತಾತ, ಅವತ್ತು ಅಜ್ಜಿ ಇನ್ನೂ ಮಾತಾಡ್ತಾನೇ ಇದ್ರು, ನೀವು ಎದ್ದು ಹೋಗ್ಬಿಟ್ರಿ" ಎಂದಳು. ವಾಸಿಯಾದವಳ ಮಾತು ಇನ್ನೇನು ಕೇಳುವುದು ಎಂದು ನಾನು ರೇಗಿದೆ. ಅವಳು ನಕ್ಕು, ನನ್ನನ್ನು ಒಳಗೆ ಕರೆದು ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ಪಕ್ಕದ ಕಂಪ್ಯೂಟರಿನ ಹೆಡ್‌ಫೋನನ್ನು ನನ್ನ ಕಿವಿಗೇ ಹಿಡಿದಳು. ಈ ಕಡೆ ಮೈಕಿನಲ್ಲಿ ಹಲೋ ಎಂದೆ. ಕಾದೆ. ಕೆಮ್ಮಿದೆ. ಮೂಗೊರೆಸಿಕೊಂಡೆ. ಆಗ ಬಂತು ನೋಡು ಆ ಕಿವಿಯಲ್ಲಿ ನನ್ನದೇ ಹಲೋ! ಎರಡು ಕಂಪ್ಯೂಟರಿಗೂ ಒಂದು ಮೊಳ ದೂರವಿಲ್ಲ. ಇಷ್ಟು ಹೊತ್ತು ಎಲ್ಲಿಗೆ ಹೋಗಿತ್ತಮ್ಮ ಎಂದರೆ, "ಅಮೆರಿಕಕ್ಕೆ ಹೋಗಿ ಬಂತು ತಾತ. ಈ ಮಾತು ಸಾಗಿಸೋ ಕಂಪನಿಯವರ ಕಂಪ್ಯೂಟರು ಇರೋದು ಅಲ್ಲಿ" ಎಂದಳು.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ನಮ್ಮ ಮನೆಯಿಂದ ರಾಮಕೃಷ್ಣನಗರದ ನಿನ್ನ ತಮ್ಮನ ಮನೆ ಎಷ್ಟು ದೂರ? ಆದರೂ ಬಸ್ಸಿನಲ್ಲಿ ಹೋಗುವವರು ಸಿಟಿ ಬಸ್‌ಸ್ಟ್ಯಾಂಡಿಗೆ ಹೋಗಿ, ಇಳಿದು, ಕಾದು, ಇನ್ನೊಂದು ಬಸ್ಸು ಹತ್ತಿ ಬರಬೇಕು. ನಾನು ಕಂಡಕ್ಟರಾಗಿದ್ದಷ್ಟು ವರ್ಷವೂ ಜನ ಇದಕ್ಕೇ ನನ್ನನ್ನು ಬೈದರು. ನಮ್ಮ ಮಾತೂ ಹಾಗೇ ಕಣೇ, ಮೈಸೂರಿನಿಂದ ಬೀದರ್‌ಗೆ ಅಮೆರಿಕದ ಬಸ್‌ಸ್ಟ್ಯಾಂಡ್ ಮೇಲೆ ಹೋಗಿದೆ. ನೀನು ಇಲ್ಲ ಎಂದದ್ದು ಮಂಡಿನೋವಿಗೆ! ವಾಸಿಯಾದದ್ದು ಮಂಡಿ! ನಾನು ನನ್ನ ಪ್ರಶ್ನೆಗೆ ಎಂದುಕೊಂಡು ಎದ್ದು ಬಂದೆ. ನನ್ನ ಪ್ರಶ್ನೆಗೆ ನೀನು ಏನು ಹೇಳಿದೆಯೋ ಅದು ಅಮೆರಿಕ ಸುತ್ತಿ ಬರುವಷ್ಟರಲ್ಲಿ ಹೆಡ್‌ಫೋನ್ ಮೇಜಿನ ಮೇಲಿತ್ತು. ನೀನು ಅದನ್ನು ಹೇಳಿ ಬಾಯಿ ಮುಚ್ಚುವ ಮೊದಲೇ ನನ್ನ "ಅಲ್ಲೇ ಇದ್ಬುಡು" ನಿನ್ನ ಕಿವಿಗೆ ಬಿದ್ದಿರಬೇಕು. ಇಷ್ಟು ದಿನದ ಸ್ನಾನ ಯಾಕೆಂದು ಈಗ ತಿಳಿಯಿತು.

ನೇರ ಬಸ್ಸು ಇಲ್ಲವೇನಮ್ಮ ಎಂದು ಕೇಳಿದೆ. ಇದೆಯಂತೆ! ಇಲ್ಲಿನ ಕಾಲೇಜು ಹುಡುಗರು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾರೆ. ಆಟದ ಕಂಪ್ಯೂಟರು ಪರದೇಶದಲ್ಲಿದ್ದಾಗ ಇವರ ಗುಂಡು ಅಲ್ಲಿಗೆ ಮುಟ್ಟುವ ಮುಂಚೆಯೇ ಇವರು ಸತ್ತುಹೋಗುತ್ತಿದ್ದರಂತೆ. ಬೇಸತ್ತು, ವಿಜಯನಗರದ ಕೇಬಲ್ ಇಂಟರ್ನೆಟ್‌ನವರ ಕೋಣೆಯಲ್ಲೇ ತಮ್ಮದೊಂದು ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ಹತ್ತಿರವೇ ಇದ್ದರೆ ಎಲ್ಲ ಬೇಗ. ಅದರ ಮೇಲೆ ಮಾತೂ ಆಡಬಹುದು. ಹೇಮಶ್ರೀ ಅದನ್ನು ಹಾಕಿ ತೋರಿಸಿದಳು, ನಾನು ಹಲೋ ಎನ್ನುವಷ್ಟರಲ್ಲಿ ಇನ್ನೊಂದು ಕಿವಿಯಲ್ಲಿ ಹಲೋ. ಬೀದರ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯುತ್ತದಂತೆ, ಅಷ್ಟೇ. ಅಳಿಯಂದಿರಿಗೆ ವಿಧಾನವನ್ನೆಲ್ಲ ಅವಳೇ ಫೋನಿನಲ್ಲಿ ಹೇಳಿದ್ದಾಳೆ.

ಅವತ್ತು ಹೆಡ್‌ಫೋನ್ ಎತ್ತಿಡಲು ಹೋದಾಗ ನಿನ್ನ ಉತ್ತರ ಅವಳ ಕಿವಿಗೆ ಬಿತ್ತಂತೆ. ಏನೆಂದಳಮ್ಮ ಎಂದು ಎಷ್ಟು ಗೋಗರೆದರೂ, "ಅದು ನಿಮಗೆ ಹೇಳಿದ ಮಾತು, ಅಜ್ಜಿ ಬಾಯಲ್ಲೇ ಕೇಳಿ" ಎಂದು ನಗುತ್ತಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಯುತ್ತೇನೆ. ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಿವಿಯಿಂದ ಅದನ್ನು ತೆಗೆಯುವುದಿಲ್ಲ. ದಯವಿಟ್ಟು ಸ್ನಾನ ಬೇಗ ಮುಗಿಸಿಕೋ.

ಮಗುವಿಗೆ ಬುದ್ಧಗುರುವಿನ ಕರುಣೆ ಇರಲಿ, ತಾತನ ಮುತ್ತು. ಮಿತ್ರಾಳಿಗೂ ಅಳಿಯಂದಿರಿಗೂ ಆಶೀರ್ವಾದ.

ನಿನ್ನ,
ಚಿಕ್ಕಬಸವಯ್ಯ

ತಾ.ಕ.: ಅದೇ ಪ್ರಶ್ನೆ ನೀನು ನನ್ನನ್ನು ಕೇಳಿದರೆ ಉತ್ತರ ತಡವಾಗಬಾರದೆಂದು ಈಗಲೇ ಬರೆದುಬಿಡುತ್ತೇನೆ. ಬರುತ್ತೆ ಕಣೇ, ಮುದ್ದೆ ಗಂಟಾಗದ ದಿನವೂ ಬರುತ್ತೆ. ಅವತ್ತು ಅಲ್ಲೇ ಇದ್ಬುಡು ಅಂದೆನಲ್ಲ, ವಾಪಸ್ ತಗೊಂಡೆ. ಬಂದ್ಬುಡು.