ಕುಂಕುಮದ ಬಟ್ಟಲು ಎಲ್ಲಿತ್ತು ಅಂದರೆ

ನ್ಯೂ ಟೌನ್, ಭದ್ರಾವತಿ
ಸೋಮವಾರ ಸಂಜೆ

ಸುಮನಾ,

ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ನಿನಗಾಗಿ ನಾನು ಬರೆದದ್ದೆಂದರೆ ನೀನು ಅಡುಗೆಮನೆಯಿಂದ ಕೂಗಿ ಹೇಳಿದ ದಿನಸಿ ಪಟ್ಟಿ ಮಾತ್ರ. ಅದರಲ್ಲೂ ಸಾಸಿವೆ ಬಿಟ್ಟು ಬೈಸಿಕೊಂಡವನು ನಾನು. ಇವತ್ತು ಕಾಗದ ಬರೆಯಲು ಕೂತಿದ್ದೇನೆ. ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಬಾಯಲ್ಲಿ ಹೇಳಿದರೆ ರಾತ್ರಿ ಊಟದ ಹೊತ್ತಿಗೆ ನಿನಗೆ ಮರೆತುಹೋಗುತ್ತದೆ. ಕಾಗದವಾದರೆ ನಿನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿರುತ್ತದೆ. ಬೇಕಾದಾಗ ತೆಗೆದು ಓದಿ, ಪ್ರತಿ ಸಲವೂ ಹೊಸದಾಗಿ ನನ್ನನ್ನು ಬೈಯಬಹುದು.

ಎರಡು ವರ್ಷದ ಹಿಂದೆ, ನಿನಗೆ ನಲವತ್ತೈದಾಗಿದ್ದಾಗ, ನೀನು ಯಾರದೋ ಬ್ಲೌಸಿಗೆ ಎರಡೂ ಕಡೆ ಬಲಗೈ ತೋಳನ್ನೇ ಕೂರಿಸಿಬಿಟ್ಟೆ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಅಳತೆ ಬ್ಲೌಸು ಎದುರಿಗಿದ್ದರೂ ಅಳತೆ ತಪ್ಪತೊಡಗಿತು. ಹಾಲು ಉಕ್ಕುತ್ತಿದ್ದರೂ ನೀನು ನೋಡುತ್ತಾ ನಿಂತಿರುತ್ತಿದ್ದೆ. ನಗು ಹೋಗಿ ಜಗಳ ಶುರುವಾಯಿತು. ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ನೋಡಿ ಡಿಮೆನ್ಷಿಯಾ ಎಂದಾಗ ನಾನು ಅವರ ಜೊತೆಯೂ ಜಗಳಕ್ಕೆ ಬಿದ್ದೆ. "ಅದು ಮುದುಕರಿಗೆ ಬರೋದು ಸರ್, ಇವಳಿಗಿನ್ನೂ ಸರಿಯಾಗಿ ಕೂದಲೇ ಬೆಳ್ಳಗಾಗಿಲ್ಲ" ಎಂದೆ. ಈ ವಯಸ್ಸಿಗೂ ಕೆಲವರಿಗೆ ಬರುತ್ತದೆ ಎಂದು ಅವರು ಮೆಲ್ಲಗೆ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನೀನೇ ನನ್ನ ಕೈ ಹಿಡಿದು ಸಮಾಧಾನ ಮಾಡಿದೆ.

ಆಗ ನಮ್ಮನ್ನು ನಡೆಸಿದವರು ಪಕ್ಕದ ಮನೆ ಶೇಷಮ್ಮ. ನಾನು ಶಿವಮೊಗ್ಗದ ಕಾಲೇಜಿಗೆ ಲ್ಯಾಬಿನ ಕೆಲಸಕ್ಕೆ, ನಮ್ಮ ಅಕ್ಷರಾ ಅವಳ ಡಿಗ್ರಿ ಕ್ಲಾಸಿಗೆ ಹೊರಟ ಕೂಡಲೇ ಅವರು ಬಂದು ಕೂರುತ್ತಿದ್ದರು. ಅವರು ಸೊಪ್ಪು ಬಿಡಿಸುತ್ತಿದ್ದರು, ನೀನು ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ಫಾಲ್ಸ್ ಹಾಕುವುದನ್ನು ನಿನ್ನ ಕೈ ಮರೆತಿರಲಿಲ್ಲ, ಈಗಲೂ ಮರೆತಿಲ್ಲ.

ಶ್ರಾವಣದ ಆ ಶುಕ್ರವಾರ ಏನಾಯಿತೆಂದು ನಿನಗೆ ನೆನಪಿಲ್ಲ, ನಾನೇ ಹೇಳುತ್ತೇನೆ. ಪೂಜೆಗೆ ಬಂದ ಹೆಂಗಸರಿಗೆಲ್ಲ ನೀನು ಅರಿಶಿನ ಕುಂಕುಮ ಕೊಟ್ಟೆ. ಕೊಟ್ಟವರಿಗೇ ಮತ್ತೆ ಕೊಟ್ಟೆ. ಕೊನೆಗೆ ಬಟ್ಟಲು ಹಿಡಿದು ಶೇಷಮ್ಮನ ಮುಂದೆ ನಿಂತೆ. ಗಂಡ ಹೋದ ಮೇಲೆ ಆರು ವರ್ಷದಿಂದ ಅವರು ಹಣೆಗೆ ವಿಭೂತಿ ಬಿಟ್ಟು ಬೇರೇನೂ ಹಚ್ಚಿದವರಲ್ಲ. ಅದು ನಿನಗೆ ಮರೆತುಹೋಗಿತ್ತು. ನೀನು ಕುಂಕುಮದ ಬೆರಳನ್ನು ಅವರ ಹಣೆಯ ಹತ್ತಿರ ಒಯ್ದೆ. ನಾನು ನುಗ್ಗಿ ಬಂದು ನಿನ್ನ ಕೈ ಹಿಡಿದೆಳೆದೆ. "ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದು ಎಲ್ಲರೆದುರು ಅರಚಿದೆ. ಕುಂಕುಮವೆಲ್ಲ ನೆಲದ ಪಾಲಾಯಿತು. ಶೇಷಮ್ಮ ಎದ್ದು ಹೋದರು. ಮರುದಿನ ಬರಲಿಲ್ಲ.

ಅವರಿಗೆ ಅವಮಾನವಾಗಿದೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಹೋಗಿ ಕೇಳಲು ಮುಖವಿರಲಿಲ್ಲ. ಬಟ್ಟಲನ್ನು ಬಚ್ಚಿಟ್ಟೆ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿದೆ. ಎರಡು ತಿಂಗಳು, ಸುಮನಾ, ನಿನ್ನನ್ನು ಕೂಡಿಹಾಕಿದೆ. ಮಧ್ಯಾಹ್ನ ಅಕ್ಷರಾ ಬಂದು ಬೀಗ ತೆಗೆದರೆ ನೀನು ಕಪಾಟಿನ ಬಟ್ಟೆಯೆಲ್ಲ ಕೆಳಗೆ ಹಾಕಿಕೊಂಡು ಬಟ್ಟಲು ಹುಡುಕುತ್ತಿದ್ದೆಯಂತೆ. "ಬಂದೋರನ್ನ ಹಾಗೇ ಕಳಿಸೋದಾ?" ಎನ್ನುತ್ತಿದ್ದೆಯಂತೆ. ಬರುವವರು ಯಾರಿದ್ದರು? ಕೊನೆಗೊಂದು ದಿನ ಅವಳು, "ನಾನು ಕಾಲೇಜ್ ಬಿಡ್ತೀನಿ ಅಪ್ಪ. ಅಮ್ಮನ್ನ ಹೀಗೆ ನೋಡಕ್ಕಾಗಲ್ಲ ನಂಗೆ" ಎಂದಳು. ನೀನು ಊರವರ ಬಟ್ಟೆ ಹೊಲಿದು ಓದಿಸುತ್ತಿದ್ದ ಮಗಳು!

ಇದೇ ಕಾಯಿಲೆಯವರ ಮನೆಮಂದಿ ಸೇರುವ ಕೂಟವೊಂದರ ವಿಳಾಸವನ್ನು ಡಾಕ್ಟರು ಎಂದೋ ಬರೆದುಕೊಟ್ಟಿದ್ದು ಆಗ ನೆನಪಾಯಿತು. ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ನಾವಿಬ್ಬರೂ ಶಿವಮೊಗ್ಗಕ್ಕೆ ಹೋದದ್ದು ಅಲ್ಲಿಗೇ. ಐದು ಮನೆಯವರು ಸೇರಿದ್ದರು. ಕಾಯಿಲೆಯಾದವರಲ್ಲಿ ಅರವತ್ತು ದಾಟಿದವರು ಒಬ್ಬರೂ ಇಲ್ಲ. ದಿನಾ ಓಡಿಸಿದ ರೂಟನ್ನೇ ಮರೆತ ಬಸ್ ಡ್ರೈವರೊಬ್ಬರು ನಿನಗೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟುಕೊಟ್ಟರು. ಕೂಟ ನಡೆಸುವ ಮೈತ್ರಿ ಎಂಬ ಹೆಣ್ಣುಮಗಳ ಮುಂದೆ ನಾನು ಎಲ್ಲ ಹೇಳಿ ಅತ್ತೆ. ಆಕೆ ಕೇಳಿದ್ದು ಒಂದೇ ಮಾತು. "ಬೇಜಾರಾಯ್ತು ಅಂತ ಶೇಷಮ್ಮನೋರೇ ಹೇಳಿದ್ರಾ ಸರ್?"

"ಹೇಳೋದೇನು, ಗೊತ್ತಾಗಲ್ವಾ?" ಎಂದೆ.

"ಕೇಳ್ಕೊಂಡ್ ಬನ್ನಿ. ಮರೆವು ನಿಮ್ಮ ಮನೆಯೋರಿಗೆ. ನಿಮಗೆ ಬಾಯಿ ಇದೆಯಲ್ಲ."

ಆ ಡ್ರೈವರರ ಹೆಂಡತಿ ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ!

ನಿನ್ನೆ ಶೇಷಮ್ಮನ ಮನೆಗೆ ಹೋದೆ. ನನ್ನ ತಡವರಿಕೆಯನ್ನೆಲ್ಲ ಕೇಳಿಸಿಕೊಂಡು ಅವರು ಹಣೆ ಚಚ್ಚಿಕೊಂಡರು. "ಕುಂಕುಮಕ್ಕೆ ನಂಗ್ಯಾಕೋ ಬೇಜಾರು? ಆರು ವರ್ಷದಿಂದ ಯಾರಾದ್ರೂ ಬಟ್ಟಲು ಹಿಡಿದು ನನ್ನ ಮುಂದೆ ನಿಂತಿದ್ರಾ? ನೀನು ಅವಳ ಕೈ ಹಿಡಿದು ಎಳೆದ್ಯಲ್ಲ, ಅದನ್ನ ನೋಡಕ್ಕಾಗ್ಲಿಲ್ಲ ಮಾರಾಯ. ಎರಡು ದಿನ ಬಿಟ್ಟು ಬಂದೆ, ಬಾಗಿಲಿಗೆ ಬೀಗ. ನಾನು ಬರಬಾರ್ದು ಅಂತ್ಲೇ ಹಾಕಿದೀಯ ಅಂದ್ಕೊಂಡೆ." ನಾನು ಅವರ ಕಾಲಿಗೆ ಬಿದ್ದೆ. ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಹಗುರವಾಗಿತ್ತು.

ಬಟ್ಟಲು ಅಟ್ಟದ ಮೇಲಿತ್ತು, ಕೆಟ್ಟ ಮಿಕ್ಸಿಯ ಡಬ್ಬದೊಳಗೆ. ಅಲ್ಲಿಟ್ಟವನು ನಾನು. ಕ್ಷಮಿಸು. ಇವತ್ತು ಬೆಳಿಗ್ಗೆ ಅದನ್ನು ತೊಳೆದು ನಿನ್ನ ಕೈಗಿಟ್ಟೆ. ಶೇಷಮ್ಮ ಬಂದು ಕೂತು, ವಿಭೂತಿಯ ಕೆಳಗೆ ನೀನು ಕುಂಕುಮ ಇಡುವಾಗ ಕಣ್ಣು ಮುಚ್ಚಿಕೊಂಡರು. ಮಧ್ಯಾಹ್ನ ಲ್ಯಾಬಿಗೆ ಅವರ ಫೋನು ಬಂತು. "ಒಂಬತ್ತನೇ ಸಲ ಕಣೋ, ನನ್ನ ಹಣೇಲಿ ಇನ್ನು ಜಾಗ ಇಲ್ಲ!" ಅವರ ಹಿಂದಿನಿಂದ ನೀನು ನಗುತ್ತಿದ್ದದ್ದು ಕೇಳಿಸಿತು. ಅಕ್ಷರಾ ಪರೀಕ್ಷೆ ಫಾರಂ ತುಂಬಿಬಂದಿದ್ದಾಳೆ. ಬಾಗಿಲ ಬೀಗವನ್ನು ನಮ್ಮ ಲ್ಯಾಬಿನ ಆಸಿಡ್ ಕಪಾಟಿಗೆ ಹಾಕಿಬಂದೆ. ಅದಕ್ಕೊಂದು ಬೀಗ ಬೇಕಾಗಿತ್ತು.

ನೀನು ನನ್ನ ಗುರುತನ್ನೂ ಮರೆಯುವ ದಿನ ಬರುತ್ತದೆಂದು ಡಾಕ್ಟರು ಹೇಳಿದ್ದಾರೆ. ಅದನ್ನು ನೆನೆದು ಎಷ್ಟೋ ದಿನ ಬಸ್ಸಿನಲ್ಲಿ ಮುಖ ತಿರುಗಿಸಿ ಅತ್ತಿದ್ದೇನೆ. ಇವತ್ತು ಆ ಭಯ ಅಷ್ಟಿಲ್ಲ. ಅಂದು ಸಂಜೆ ನಾನು ಬಾಗಿಲಲ್ಲಿ ನಿಂತರೆ ಯಾರೋ ಬಂದಿದ್ದಾರೆ ಎಂದುಕೊಳ್ಳುತ್ತೀ. "ಒಳಗೆ ಬನ್ನಿ, ಕೂತ್ಕೊಳ್ಳಿ" ಎನ್ನುತ್ತೀ. ಮನೆಗೆ ಬಂದವರಿಗೆ ನೀನು ಹಾಗೆನ್ನದೆ ಇದ್ದದ್ದು ನಾನು ಕಂಡಿಲ್ಲ. ನಾನು ಬಂದು ಕೂತುಕೊಳ್ಳುತ್ತೇನೆ.

ನಿನ್ನ ಬಟ್ಟಲು ಬರಿದಾಗದಿರಲಿ, ಅದನ್ನು ಹಿಡಿದ ಕೈ ತಣ್ಣಗಿರಲಿ.

ಈ ಸಲ ಸಾಸಿವೆ ಮರೆಯದೆ ತಂದಿರುವ,
ನಿನ್ನ ಮಲ್ಲೇಶ್